ಜೇಬಿನಲ್ಲೊಂದು ಫ್ಯೂಸು

"ಅಮ್ಮಾ, ಮತ್ತೆ ಪ್ಲಗ್ ಕಿತ್ತಿದ್ಯಾ?"

ಅಡುಗೆಮನೆಯಿಂದ ಉತ್ತರ ಬರಲಿಲ್ಲ, ಮಿಕ್ಸಿಯ ಸದ್ದು ಬಂತು. ಅದೇ ಉತ್ತರ. ಕೋಮಲಾ ಲ್ಯಾಪ್‌ಟಾಪನ್ನು ಮಂಚದ ಮೇಲೆ ಬಿಸಾಕಿ ಎದ್ದು ಹೋಗಿ ನೋಡಿದಳು. ಹಜಾರದಿಂದ ವೈರು ಎಳೆದಿದ್ದ ಅವಳ ಹಳೆಯ ಕಂಪ್ಯೂಟರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ಮಿಕ್ಸಿಯ ಪ್ಲಗ್ಗು ಕೂತಿತ್ತು. ತಾಯಿ ನರಸಿಂಹಮ್ಮ ಮಿಕ್ಸಿಯ ಮುಚ್ಚಳದ ಮೇಲೆ ಅಂಗೈ ಒತ್ತಿಕೊಂಡು ಕಾಯಿ ಚಟ್ನಿ ರುಬ್ಬುತ್ತಿದ್ದರು.

"ಎರಡು ನಿಮಿಷ ಕಣೇ. ಚಟ್ನಿ ಆಗ್ಲಿ, ನಾನೇ ಮತ್ತೆ ಚುಚ್ತೀನಿ."

"ಅದು ಮಧ್ಯದಲ್ಲಿ ನಿಂತ್ರೆ ಮೊದ್ಲಿಂದ ಶುರು ಮಾಡ್ಬೇಕು ಅಮ್ಮ. ಇಪ್ಪತ್ತು ನಿಮಿಷದ್ ಕೆಲ್ಸ! ಎಷ್ಟ್ ಸಲ ಹೇಳ್ಲಿ?"

"ಒಂದು ಚಟ್ನಿ ರುಬ್ಬಕ್ಕೂ ನಿನ್ ಕಂಪ್ಯೂಟರಿನ ಅಪ್ಪಣೆ ಕೇಳ್ಬೇಕೇನೇ ನಾನು? ಈ ಮನೇಲಿ ನೆಟ್ಟಗಿರೋದೇ ಅದೊಂದು ಪ್ಲಗ್ಗು."

ಅದೂ ನಿಜವೇ. ಹೆಬ್ಬೂರಿನ ಆ ಮನೆಯಲ್ಲಿ ಉಳಿದ ಪ್ಲಗ್ಗುಗಳಿಗೆ ಏನು ಚುಚ್ಚಿದರೂ ಒಂದಿಷ್ಟು ಅಲ್ಲಾಡಿಸಿ ಕಾಗದದ ಚೂರು ತುರುಕಿದ ಮೇಲೆಯೇ ಜೀವ ಬರುವುದು. ಹಾಗಾಗಿ ಭಾನುವಾರ ಬೆಳಗ್ಗೆ ಕೋಮಲಾ ಮಾಡಬೇಕಾದ ಕೆಲಸಕ್ಕೆ ಚಟ್ನಿ ಅಡ್ಡ, ಚಟ್ನಿಗೆ ಅವಳ ಕೆಲಸ ಅಡ್ಡ. ಲ್ಯಾಪ್‌ಟಾಪಿನ ತೆರೆಯ ಮೇಲೆ ಕೆಂಪು ಇಂಟು ಗುರುತು ಬಿದ್ದಿತ್ತು. ಬೆಳಗಿನಿಂದ ಎಷ್ಟು ಸಲ ಬಿತ್ತೆಂದು ಅವಳು ಲೆಕ್ಕ ಇಡುವುದನ್ನೇ ಬಿಟ್ಟಿದ್ದಳು.

ಇದೆಲ್ಲ ಶುರುವಾದದ್ದು ಅವಳ ತಮ್ಮ ಅಂಜನ್‌ಕುಮಾರನಿಂದ. ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಪ್ಯಾನೆಲ್ ಬೋರ್ಡ್ ಜೋಡಿಸುವ ಕೆಲಸ ಅವನದು. ಕಾಲೇಜಿನಲ್ಲಿದ್ದಾಗ ಪ್ರಾಜೆಕ್ಟಿಗೆಂದು ಒಂದು ತಂತ್ರಾಂಶ ಬರೆದಿದ್ದ. ತೋಟದ ಸ್ಟಾರ್ಟರ್ ಪೆಟ್ಟಿಗೆಗೆ ಅದನ್ನು ಹಾಕಿ ಒಂದು ಸಿಮ್ಮು, ಸಣ್ಣ ಬ್ಯಾಟರಿ ಇಟ್ಟರೆ ಬೋರಿನ ಮೋಟರನ್ನು ಮನೆಯಲ್ಲಿ ಕೂತು ಫೋನಿನಿಂದಲೇ ಆನ್ ಮಾಡಬಹುದು, ಆಫ್ ಮಾಡಬಹುದು. ಕರೆಂಟು ಬಂದ ಕೂಡಲೇ ಅದೇ ತಾನಾಗಿ ಆನ್ ಆಗಲಿ ಅಂತಲೂ ಹೇಳಿಡಬಹುದು, ಬಹುತೇಕ ಎಲ್ಲರೂ ಹಾಗೇ ಇಡುವುದು. ಅದಕ್ಕೆ 'ನೀರಗಂಟಿ' ಎಂದು ಹೆಸರಿಟ್ಟು, ಯಾರು ಬೇಕಾದರೂ ತೆಗೆದುಕೊಳ್ಳಲಿ, ಯಾರು ಬೇಕಾದರೂ ತಿದ್ದಲಿ ಎಂದು ಇಡೀ ಕೋಡನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟ. ಜನ ತೆಗೆದುಕೊಂಡರು, ತಿದ್ದಿದರು. ಸೊಲ್ಲಾಪುರದ ಯಾರೋ ಪುಣ್ಯಾತ್ಮ ದ್ರಾಕ್ಷಿ ತೋಟಕ್ಕೆ ಹೊಂದುವಂತೆ ನಾಲ್ಕು ಸಾಲು ಸೇರಿಸಿದ. ಗುಬ್ಬಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ರಂಗನಾಥ್ ಅದನ್ನೇ ಸ್ಟಾರ್ಟರುಗಳಿಗೆ ಹಾಕಿ ಕುಣಿಗಲ್, ಅಮೃತೂರಿನ ತೆಂಗಿನ ತೋಟಗಳವರೆಗೆ ಕೂರಿಸಿಬಂದ. ಅಷ್ಟೂ ತೋಟಗಳ ನೀರು ಈಗ ಅಂಜನ್ ಬರೆದ ಕೋಡಿನ ಕೈಯಲ್ಲಿತ್ತು. ಆ ಕೋಡನ್ನು ಪರೀಕ್ಷೆ ಮಾಡಿ ನೋಡುವ ಅಭ್ಯಾಸ ಮಾತ್ರ ಅಂಜನ್‌ಗೆ ಇರಲಿಲ್ಲ.

"ಓಡ್ತಾ ಐತಲ್ಲಕ್ಕ, ಇನ್ನೇನ್ ನೋಡದು?" ಎನ್ನುತ್ತಿದ್ದ.

ಓಡುತ್ತಿದ್ದದ್ದು ಬೇಸಿಗೆಯಲ್ಲಿ ಒಂದು ದಿನ ನಿಂತಿತು. ಸೊಲ್ಲಾಪುರದವನ ಹೊಸದೊಂದು ತಿದ್ದುಪಡಿಯನ್ನು ಇವನು ಕಣ್ಣುಮುಚ್ಚಿ ಒಪ್ಪಿಕೊಂಡ, ಗುಬ್ಬಿಯಿಂದ ಅಮೃತೂರಿನವರೆಗೆ ಒಂದು ಮೋಟರೂ ಆನ್ ಆಗಲಿಲ್ಲ. ರಂಗನಾಥನ ಅಂಗಡಿಯ ಮುಂದೆ ಜನ ಜಗಳಕ್ಕೆ ನಿಂತರು. ತುಮಕೂರಿನ ಒಂದು ಸಣ್ಣ ಕಂಪನಿಯಲ್ಲಿ ತಂತ್ರಾಂಶಗಳ ತಪ್ಪು ಹುಡುಕುವುದನ್ನೇ ಸಂಬಳದ ಕೆಲಸವಾಗಿ ಮಾಡುತ್ತಿದ್ದ ಕೋಮಲಾಗೆ ತಡೆಯಲಾಗಲಿಲ್ಲ. ಇನ್ನು ಮೇಲೆ ಒಂದೇ ಒಂದು ಸಾಲು ಬದಲಾದರೂ ಯಂತ್ರವೇ ಅದನ್ನು ಪರೀಕ್ಷಿಸಬೇಕು, ಪಾಸಾಗದೆ ಯಾರ ತೋಟಕ್ಕೂ ಹೋಗಕೂಡದು ಎಂದು ಹಟ ಹಿಡಿದು ಕೂತಳು. ವಾರವೆಲ್ಲ ಬಸ್ಸಿನಲ್ಲಿ ನಿಂತು ಓಡಾಡಿ, ಸಿಗುವ ಒಂದು ಭಾನುವಾರವನ್ನೂ ಇದಕ್ಕೆ ಸುರಿಯುತ್ತಿದ್ದಳು.

ಹಟವೇನೋ ಸರಿ, ಅನುಭವಿಸುವುದು ಬೇರೆ. ಮೊದಲು ಕೋಡನ್ನು ಓದಿ ತಪ್ಪು ಹೆಕ್ಕುವ ಒಂದು ತಂತ್ರಾಂಶ ಕೂರಿಸಿದಳು. ಅದೋ, ಮದುವೆ ಊಟಕ್ಕೆ ಬಂದು ಎಲೆ ಹಾಕುವ ಮೊದಲೇ ಉಪ್ಪಿಲ್ಲ, ಹುಳಿಯಿಲ್ಲ ಎಂದು ಶುರು ಮಾಡುವ ನೆಂಟರ ಹಾಗೆ ಸಾಲು ಸಾಲಿಗೂ ಕೊಂಕು ತೆಗೆಯಿತು. ಅದನ್ನು ಸಮಾಧಾನ ಮಾಡಲು ಎರಡು ತಿಂಗಳು ಹಿಡಿಯಿತು. ಆಮೇಲೆ ಕೋಡನ್ನು ಓಡಿಸಿ ನೋಡುವ ಕೆಲಸಕ್ಕೆ ಹಳೆಯ ಕಂಪ್ಯೂಟರೊಂದನ್ನು ಹಜಾರದ ಮೂಲೆಯಲ್ಲಿಟ್ಟಳು. ಪಕ್ಕದಲ್ಲೊಂದು ಹಲಗೆ, ಹಲಗೆಯ ಮೇಲೆ ಅಂಜನ್ ಜೋಡಿಸಿದ ನಿಜವಾದ ಸ್ಟಾರ್ಟರ್ ಬೋರ್ಡು. ಕಂಪ್ಯೂಟರು ಕರೆಂಟು ಬಂದ ಹಾಗೆ, ಹೋದ ಹಾಗೆ, ಅರ್ಧ ಬಂದ ಹಾಗೆ ನಾಟಕ ಆಡುತ್ತದೆ. ಬೋರ್ಡು ಅದನ್ನು ನಂಬಿ ಟಕ್ ಟಕ್ ಎಂದು ಆನ್ ಆಗುತ್ತದೆ, ಆಫ್ ಆಗುತ್ತದೆ. ಎಲ್ಲ ಸರಿಯಿದ್ದರೆ ತೆರೆಯ ಮೇಲೆ ಹಸಿರು ಟಿಕ್. ಟಿಕ್ ಬಿದ್ದ ಮೇಲೆ ಯಾರೂ ಏನೂ ಮಾಡಬೇಕಿಲ್ಲ. ಹೊಸ ಆವೃತ್ತಿ ತಾನಾಗಿಯೇ ಮೊದಲು ಇವರ ಅಪ್ಪನ ತೋಟದ ಸ್ಟಾರ್ಟರಿಗೆ ಹೋಗುತ್ತದೆ, ಅಲ್ಲಿ ಮೋಟರ್ ಚೆನ್ನಾಗಿ ಓಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಉಳಿದ ಎಲ್ಲ ತೋಟಗಳಿಗೂ ಹೋಗುತ್ತದೆ. ಆ ವ್ಯವಸ್ಥೆಯ ಬಗ್ಗೆ ಕೋಮಲಾಗೆ ಹೆಮ್ಮೆ ಇತ್ತು.

ಮಿಕ್ಸಿ ನಿಂತಿತು. ಅವಳು ಪ್ಲಗ್ ಬದಲಾಯಿಸಿ ಮತ್ತೆ ಮೊದಲಿಂದ ಶುರು ಮಾಡಿದಳು. ಹಲಗೆಯ ಮೇಲೆ ಟಕ್ ಟಕ್ ಕೇಳಿಸಿತು. ಅಷ್ಟರಲ್ಲಿ ಹಿತ್ತಲಿನಿಂದ ಒಳಗೆ ಬಂದ ನರಸಿಂಹಮ್ಮನ ಕೈಯಲ್ಲಿ ನೆನೆಸಿದ ಅಂಗಿಯೊಂದಿತ್ತು.

"ನೋಡೇ ನಿಮ್ಮಪ್ಪನ ಕೆಲ್ಸ. ಬಕೆಟ್ಟಿಗೆ ಹಾಕಿ ಉಜ್ಜಕ್ಕೋದ್ರೆ ಕೈಗೆ ಟಣ್ ಅಂತು. ಮತ್ತೆ ಫ್ಯೂಸು!"

ಬಿಳಿ ಪಿಂಗಾಣಿಯ ಫ್ಯೂಸು, ಜೇಬಿನ ಹೊಲಿಗೆಯನ್ನು ಎಳೆದು ಬಿಚ್ಚಿತ್ತು. ಬಾಗಿಲಲ್ಲಿ ಕಟಿಂಗ್ ಪ್ಲೇಯರು, ಕಪ್ಪು ಟೇಪಿನ ಸುರುಳಿ ಹಿಡಿದು ನಿಂತಿದ್ದ ಸಿದ್ದಗಂಗಯ್ಯ ಕೈ ಚಾಚಿ ಅದನ್ನು ಇಸಿದುಕೊಂಡು ಒರೆಸಿ ಕಿಟಕಿಯಲ್ಲಿಟ್ಟರು.

"ಎಲ್ಲೋಯ್ತು ಅಂತ ನೆನ್ನೆಯಿಂದ ಹುಡುಕ್ತಾ ಇವ್ನಿ. ಕೊಡಿಲ್ಲಿ."

"ಜೇಬು ನೋಡ್ರಿ ಮೊದ್ಲು! ಯಾರ್ ಹೊಲ್ಯದು? ಸ್ವಿಚ್ ಇಲ್ವಾ ಆ ಪೆಟ್ಟಿಗೆಗೆ, ಕೆಳಗೆ ಎಳದ್ರೆ ಸಾಲ್ದಾ?"

"ಸ್ವಿಚ್ಚು ಯಾವನಾದ್ರೂ ದಾರೀಲಿ ಹೋಗೋನು ಎತ್ತುಬುಡ್ತಾನೆ ಕಣೇ. ಫ್ಯೂಸು ನನ್ ಜೇಬಲ್ಲಿದ್ರೆ ಯಾವನೂ ಏನೂ ಮಾಡಂಗಿಲ್ಲ." ಅವರು ತೊಟ್ಟಿದ್ದ ಅಂಗಿಯ ಜೇಬನ್ನು ತಟ್ಟಿಕೊಂಡರು. ಅಲ್ಲೂ ಒಂದು ಉಬ್ಬಿತ್ತು. "ಆಗ್ಲೇ ಹೋಗಿ ಕಿತ್ಕೊಂಡು ಬಂದಿವ್ನಿ. ಇದು ಸಿಗ್ಲಿಲ್ಲ ಅಂತ ಸ್ಪೇರು ಹಾಕಿದ್ದೆ, ಈಗ ಕಿತ್ತಿರೋದು ಅದುನ್ನೇ. ಬೋರಿನ ಬಾಯಲ್ಲಿ ಅಳಿಲು ಕೇಬಲ್ ಜಾಯಿಂಟು ಕಡ್ದು ಟೇಪೆಲ್ಲ ಕಿತ್ತಾಕೈತೆ. ಸುತ್ಬುಟ್ಟು ಬರ್ತೀನಿ."

"ತಿಂಡಿ ತಿಂದು ಹೋಗ್ರಿ."

"ತೋಟದ ಲೈನಿಗೆ ಕರೆಂಟು ಬರೋದ್ರೊಳಗೆ ಆಗ್ಬುಡ್ಲಿ ಇರು."

ಅವರು ಹೊರಟುಹೋದರು. ಮೇಜಿನ ಮೇಲೆ ಚಾರ್ಜಿಗೆ ಹಾಕಿದ್ದ ಫೋನು ಅಲ್ಲೇ ಉಳಿಯಿತು. ಅವರು ಫೋನು ಮರೆಯುವುದು ಆ ಮನೆಯಲ್ಲಿ ಯಾರಿಗೂ ಸುದ್ದಿಯಲ್ಲ. ಕೋಮಲಾ ಈ ಮಾತುಗಳನ್ನು ಕೇಳಿಯೂ ಕೇಳದಂತೆ ತೆರೆಯನ್ನೇ ನೋಡುತ್ತಿದ್ದಳು. ಹಸಿರು, ಹಸಿರು, ಹಸಿರು. ಈ ಸಲ ಯಾರೂ ಪ್ಲಗ್ ಕೀಳದಿದ್ದರೆ ಆಗಿಯೇ ಹೋಯಿತು ಅಂದುಕೊಂಡಳು. ಕಡೆಯ ಹತ್ತಿರ ಹೋಗಿ ಮತ್ತೆ ಕೆಂಪು ಬಿತ್ತು.

ಈ ಸಲ ಪ್ಲಗ್ಗಿನ ತಪ್ಪಲ್ಲ, ಚಟ್ನಿಯ ತಪ್ಪೂ ಅಲ್ಲ. ಪರೀಕ್ಷೆಯೇ ಫೇಲಾಗಿತ್ತು. ಅದರ ಹೆಸರು ಸ್ಪಷ್ಟವಾಗಿತ್ತು: 'ಒಂದು ಫೇಸ್ ಇಲ್ಲದಿದ್ದರೆ ಮೋಟರ್ ಸ್ಟಾರ್ಟ್ ಆಗಕೂಡದು.'

"ಅಂಜನಾ! ಬಾರೋ ಇಲ್ಲಿ."

ಅಂಜನ್ ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದು ಬಗ್ಗಿ ನೋಡಿದ. ಬಚ್ಚಲಿಗೆ ಹೋಗಿ ಉಗುಳಿ ಬಂದು ನಕ್ಕ.

"ಅಯ್ಯೋ, ಇದಾ? ಇದು ಫೇಲ್ ಆಗ್ಲೇಬೇಕು ಕಣಕ್ಕ. ಹೊಸ ವರ್ಷನ್ ಮಾಡಿರೋದೇ ಅದಕ್ಕೆ."

ಅವನು ಹೇಳಿದ್ದು ಸರಿಯಾಗಿತ್ತು. ತೋಟದ ಮೋಟರಿಗೆ ಮೂರು ತಂತಿಯಲ್ಲಿ ಕರೆಂಟು ಬರಬೇಕು, ಮೂರು ಫೇಸ್ ಅನ್ನುವುದು ಅದನ್ನೇ. ದಿನದಲ್ಲಿ ಬಹಳ ಹೊತ್ತು ಎರಡರಲ್ಲಷ್ಟೇ ಬರುತ್ತದೆ. ಎರಡರಲ್ಲಿ ಓಡಿಸಿದರೆ ಮೋಟರ್ ಸುಟ್ಟುಹೋಗುತ್ತದೆ. ಆದ್ದರಿಂದ ಒಂದು ಫೇಸ್ ಇಲ್ಲದಿದ್ದರೆ ಸ್ಟಾರ್ಟರ್ ಜಪ್ಪಯ್ಯ ಅಂದರೂ ಆನ್ ಆಗದಂತೆ ಅಂಜನ್ ಹಿಂದೆಯೇ ಬರೆದಿಟ್ಟಿದ್ದ. ಆದರೆ ಈಗ ತೋಟ ತೋಟದಲ್ಲೂ, ಇಲ್ಲದ ಫೇಸಿನ ಕೊರತೆ ತುಂಬುವ ದೊಡ್ಡ ಕಂಡೆನ್ಸರ್ ಹಾಕಿಸಿಕೊಂಡು ಎರಡು ಫೇಸಿನಲ್ಲೇ ನೀರೆತ್ತುತ್ತಾರೆ. ನೀರಗಂಟಿಯೂ ಅದಕ್ಕೆ ಒಪ್ಪಬೇಕು ಎಂದು ರಂಗನಾಥ್ ತಿಂಗಳಿಂದ ಪ್ರಾಣ ತಿನ್ನುತ್ತಿದ್ದ. ಅಪ್ಪನ ತೋಟಕ್ಕೂ ಒಂದು ಕಂಡೆನ್ಸರ್ ಕೂರಿಸಿ ಹೋಗಿದ್ದ. ಎರಡು ಫೇಸ್ ಕಂಡರೆ ಕಂಡೆನ್ಸರ್ ಸೇರಿಸಿಕೊಂಡು ಮೋಟರ್ ಓಡಿಸುವುದೇ ಹೊಸ ಆವೃತ್ತಿ.

"ಹಳೇ ಟೆಸ್ಟು ಹಳೇ ಕಾಲಕ್ಕೆ. ತೆಗ್ದಾಕು," ಅಂದ ಅಂಜನ್.

"ಯಾಕಿತ್ತು ಅಂತ ಗೊತ್ತಿಲ್ದೆ ಟೆಸ್ಟ್ ತೆಗೀಬಾರ್ದು ಕಣೋ. ಅದು ಮೊದಲ್ನೇ ಪಾಠ."

"ಗೊತ್ತಲ್ಲಕ್ಕ! ಮೋಟರ್ ಸುಡ್ಬಾರ್ದು ಅಂತ ಬರ್ದಿದ್ದು. ನಾನೇ ಬರ್ದಿದ್ದು. ಈಗ ಕಂಡೆನ್ಸರ್ ಐತೆ, ಸುಡಲ್ಲ. ಇನ್ಯಾಕ್ ಬೇಕು?"

"ಸೊಲ್ಲಾಪುರದವನ್ನ ಒಂದು ಮಾತು ಕೇಳೋಣ."

"ಅವ್ನು ಮಂಗಳವಾರ ಉತ್ರ ಕೊಡ್ತಾನೆ. ಅಷ್ಟೊತ್ತಿಗೆ ರಂಗನಾಥಣ್ಣ ನನ್ನ ಹುರ್ದು ಮುಕ್ಕಿರ್ತಾರೆ."

ಹೆಸರು ತೆಗೆದದ್ದೇ ತಡ, ರಂಗನಾಥನ ಫೋನೇ ಬಂತು. ಅಂಜನ್ ಅದನ್ನು ಬಿಸಿ ಕೆಂಡದ ಹಾಗೆ ಅಕ್ಕನ ಕೈಗೆ ದಾಟಿಸಿದ.

"ಮೇಡಂ, ನಮಸ್ಕಾರ. ನಾನು ಅಮೃತೂರಿಗೆ ಹೊರಟಿದೀನಿ. ಅಲ್ಲಿ ಜನ ಸೇರಿದಾರೆ. ಮಧ್ಯಾಹ್ನಕ್ಕೆ ಟೂ ಫೇಸ್ ಆಗುತ್ತೆ ಅಂತ ಮಾತು ಕೊಟ್ಟಿದೀನಿ. ಎಲ್ಲೀಗ್ ಬಂತು?"

"ಒಂದು ಟೆಸ್ಟ್ ಫೇಲ್ ಆಗ್ತಾ ಇದೆ ರಂಗನಾಥ್ ಅವ್ರೆ."

"ಹೋದ್ ವಾರಾನೂ ಇದೇ ಹೇಳಿದ್ರಿ."

"ಹೋದ ವಾರ ಬೇರೆ ಟೆಸ್ಟು."

"ನಂಗೆ ಎಲ್ಲಾ ಒಂದೇ ಮೇಡಂ! ನೀವು ಬರೋಕ್ ಮುಂಚೆ ಅಂಜನ್ ಬೆಳಗ್ಗೆ ಬರ್ದ್ರೆ ಸಾಯಂಕಾಲ ತೋಟದಲ್ಲಿ ನೀರು. ಈಗ ನಿಮ್ ಮಿಷನ್ನು ಹೂಂ ಅನ್ಬೇಕು, ಅದು ಅನ್ನಲ್ಲ. ಆ ಒಂದು ಟೆಸ್ಟ್ ತೆಗ್ದುಬಿಡಿ, ಏನ್ ಪ್ರಪಂಚ ಮುಳುಗೋಗುತ್ತೆ?"

ಬೇಸಿಗೆಯಲ್ಲಿ ಒಂದು ಮೋಟರೂ ಆನ್ ಆಗದೆ ಇದೇ ರಂಗನಾಥ್ ಅಳುವುದೊಂದು ಬಾಕಿ ಇತ್ತು. ಅದನ್ನು ನೆನಪಿಸಬೇಕೆಂದು ಬಾಯವರೆಗೆ ಬಂದ ಮಾತನ್ನು ಕೋಮಲಾ ನುಂಗಿದಳು. ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಫೋನಿನಲ್ಲಿ ಕೂಗಾಡುವ ಈ ಮನುಷ್ಯನ ಮೇಲೆ, ಬ್ರಷ್ಷು ಹಿಡಿದು ಹಲ್ಲು ಕಿಸಿಯುವ ತಮ್ಮನ ಮೇಲೆ, ಒಂದು ನೆಟ್ಟಗಿನ ಪ್ಲಗ್ಗೂ ಇಲ್ಲದ ಮನೆಯ ಮೇಲೆ. ಯಾರೂ ಒಂದು ದಿನ ಚೆನ್ನಾಗಿ ಮಾಡಿದ್ದೀಯ ಅನ್ನಲಿಲ್ಲ. ತಲೆ ಕೂಡ ಬಾಚಿಲ್ಲ, ಹೊಟ್ಟೆಗೆ ಏನೂ ಬಿದ್ದಿಲ್ಲ, ಒಂದು ಭಾನುವಾರ ಹೀಗೆ ಹಾಳಾಗುತ್ತಿದೆ. ಅದಕ್ಕಿಂತ ಹೆಚ್ಚಾಗಿ, ಅಂಜನ್ ಹೇಳಿದ್ದರಲ್ಲಿ ತಪ್ಪು ಹುಡುಕಲು ಅವಳಿಗೆ ಸಾಧ್ಯವಾಗಲಿಲ್ಲ. ಸುಡಬಾರದೆಂದು ಬರೆದದ್ದು. ಈಗ ಸುಡುವುದಿಲ್ಲ. ಇನ್ನು ಅದು ಯಾಕೆ ಬೇಕು?

"ಸರಿ, ತೆಗೀತೀನಿ. ಇಟ್ಬಿಡಿ ಫೋನು," ಅಂದಳು.

ಪೂರ್ತಿ ಅಳಿಸಲು ಕೈ ಬರಲಿಲ್ಲ. ಆ ಪರೀಕ್ಷೆಯೊಂದನ್ನು ದಾಟಿ ಹೋಗು ಎಂದು ಕಂಪ್ಯೂಟರಿಗೆ ಒಂದು ಸಾಲು ಬರೆದು ಗುಂಡಿ ಒತ್ತಿದಳು. ಮತ್ತೆ ಮೊದಲಿಂದ ಟಕ್ ಟಕ್ ಶುರುವಾಯಿತು. ಅವಳು ಎದ್ದು ಹೋಗಿ ತಲೆ ಬಾಚಿಕೊಂಡಳು, ದೋಸೆ ತಿಂದಳು. ಚಟ್ನಿ ಚೆನ್ನಾಗಿತ್ತು. ಎರಡನೆಯ ಲೋಟ ಕಾಫಿ ಹಿಡಿದು ಹಜಾರಕ್ಕೆ ಬಂದಾಗ ತೆರೆಯ ಮೇಲೆ ಮೇಲಿಂದ ಕೆಳಗೆ ಹಸಿರು. ತಿಂಗಳುಗಟ್ಟಲೆ ಕಾಣದ ಹಸಿರು. ಅದರ ಕೆಳಗೆ, 'ಹೊಸ ಆವೃತ್ತಿ ಮೊದಲ ಸ್ಟಾರ್ಟರಿಗೆ ಹೋಗುತ್ತಿದೆ' ಎಂಬ ಸಾಲು ಬಂತು.

"ಆಯ್ತು ಕಣೋ!" ಅಂದಳು. ಸಿಟ್ಟಿನ ನಡುವೆಯೂ ಅವಳಿಗೆ ನಗು ಬಂತು. ಅಂಜನ್ ಅವಳ ಅಂಗೈಗೆ ಅಂಗೈ ಬಡಿದ.

ನರಸಿಂಹಮ್ಮ ಸೂಜಿಗೆ ದಾರ ಪೋಣಿಸುತ್ತ ಬಂದು ಕಿಟಕಿಯ ಬೆಳಕಿಗೆ ಕೂತರು. ಒಣಗಿದ ಇನ್ನೊಂದು ಅಂಗಿ ಮಡಿಲಲ್ಲಿತ್ತು. ಅವರ ಗೊಣಗಾಟ ಇನ್ನೂ ಮುಗಿದಿರಲಿಲ್ಲ.

"ಇದ್ರದ್ದೂ ಜೇಬು ಹೋಗೈತೆ. ಒಂದು ಫ್ಯೂಸಿಗೇ ಹಿಂಗೆ. ಮೂರೂ ಕಿತ್ತು ತುಂಬ್ಕೊಂಡ್ರೆ ಅಂಗೀನೇ ಇರ್ತಿರ್ಲಿಲ್ಲ."

ಕೋಮಲಾಳ ಲೋಟ ತುಟಿಯ ಹತ್ತಿರ ನಿಂತಿತು.

"ಅಮ್ಮ, ಅಪ್ಪ ಒಂದೇ ಕೀಳೋದಾ?"

"ಇನ್ನೇನು, ಮೂರೂ ಕಿತ್ತು ಹಾರ ಮಾಡ್ಕೋತಾರಾ? ಒಂದು ಕಿತ್ರೆ ಆ ಪೆಟ್ಟಿಗೆ ಆನೇ ಆಗಕಿಲ್ವಂತೆ. ನಿನ್ ತಮ್ಮನೇ ಅಲ್ವಾ ಹಂಗೆ ಮಾಡಿರೋದು? ಊರಲ್ಲೆಲ್ಲ ಒಂದೇ ಕೀಳದು."

ಅಂಜನ್ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು. ಮೂರು ಫ್ಯೂಸಿನಲ್ಲಿ ಒಂದನ್ನು ಕಿತ್ತರೆ ಸ್ಟಾರ್ಟರಿಗೆ ಸಿಗುವುದು ಎರಡು ಫೇಸು. ನೆನ್ನೆಯವರೆಗೂ ಅದರ ಅರ್ಥ, ಆನ್ ಆಗಬೇಡ. ಈಗ ತೋಟಕ್ಕೆ ಹೋಗಿರುವ ಹೊಸ ಆವೃತ್ತಿಗೆ ಅದರ ಅರ್ಥ, ಕಂಡೆನ್ಸರ್ ಸೇರಿಸಿಕೊಂಡು ಓಡು. ಅಪ್ಪ ಟೇಪು ಬಿಚ್ಚಿದ ಜಾಯಿಂಟನ್ನು ಬರಿಗೈಯಲ್ಲಿ ಹಿಡಿದು ಕೂತಿದ್ದಾರೆ.

"ಆಫ್ ಮಾಡೋ! ಫೋನಿಂದ ಆಫ್ ಮಾಡೋ!"

ಅಂಜನ್ ಆಗಲೇ ಒತ್ತುತ್ತಿದ್ದ. "ಅದು ಅಪ್‌ಡೇಟ್ ಹಾಕ್ಕೊಳ್ತಾ ಐತೆ ಅಕ್ಕ, ಮುಗಿಯೋವರ್ಗೂ ಏನ್ ಹೇಳಿದ್ರೂ ತಗೊಳಲ್ಲ."

ಅದನ್ನು ಹಾಗೆ ಮಾಡಿಸಿದವಳೂ ಕೋಮಲಾಳೇ. ಮಧ್ಯದಲ್ಲಿ ಯಾರೂ ತಲೆ ಹಾಕಬಾರದು ಎಂದು. ಅಂಜನ್ ಅಪ್ಪನ ಫೋನಿಗೆ ಹಚ್ಚಿದ. ಅದು ಮೇಜಿನ ಮೇಲೆ ಚಾರ್ಜರಿನ ದಾರ ಎಳೆದುಕೊಂಡು ರಿಂಗಾಗತೊಡಗಿತು. ಆ ಸದ್ದು ಕೇಳುವ ಹೊತ್ತಿಗೆ ಕೋಮಲಾ ಹಿತ್ತಲು ದಾಟಿದ್ದಳು.

ಮನೆಯ ಹಿಂದೆ ರಾಗಿ ಹೊಲ, ಹೊಲದ ಆಚೆ ತೋಟ. ಬದುವಿನ ಮೇಲೆ ಓಡಲು ಆಗಲಿಲ್ಲ, ರಾಗಿಯ ಮೇಲೆಯೇ ತುಳಿದುಕೊಂಡು ಓಡಿದಳು. ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನು ಅವಳೇ ಒದೆದು ಬಿಟ್ಟಳು. ಕರೆಂಟು ಇನ್ನೂ ಬಾರದಿರಲಿ, ಇವತ್ತೊಂದು ದಿನ ತಡವಾಗಿ ಬರಲಿ ಎಂದು ಬೇಡಿಕೊಂಡಳು. ದಿನಾ ಬೈದುಕೊಳ್ಳುವ ಕರೆಂಟಿನವರನ್ನು ಹಾಗೆ ಬೇಡಿಕೊಂಡದ್ದು ಅವಳಿಗೆ ಅದೇ ಮೊದಲು. ತೋಟದ ಬೇಲಿ ಹತ್ತಿರವಾದಾಗ ಸ್ಟಾರ್ಟರ್ ಇದ್ದ ಶೆಡ್ಡಿನ ಕಡೆ ಕಣ್ಣು ಹೋಯಿತು. ಶೆಡ್ಡಿನ ಸೂರಿಗೆ ನೇತುಹಾಕಿದ್ದ ಬಲ್ಬು ಹಗಲಿನಲ್ಲಿ ಮಂಕಾಗಿ ಉರಿಯುತ್ತಿತ್ತು. ಕರೆಂಟು ಬಂದಿತ್ತು.

ಕರೆಂಟು ಬಂದ ಮೇಲೆ ಸ್ಟಾರ್ಟರ್ ಒಂದಿಷ್ಟು ಹೊತ್ತು ಕಾಯುತ್ತದೆ, ಆಮೇಲೆ ಮೋಟರ್ ಎತ್ತುತ್ತದೆ. ಎಷ್ಟು ಹೊತ್ತಿನಿಂದ ಕಾಯುತ್ತಿದೆಯೋ ಗೊತ್ತಿಲ್ಲ. ಶೆಡ್ಡು ತೋಟದ ಆ ಕೊನೆಗೆ. ಅಪ್ಪ ಇಲ್ಲೇ, ಎರಡು ಸಾಲು ತೆಂಗಿನಾಚೆ ಬೋರಿನ ಬಾಯಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತಿದ್ದರು. ಅವರ ಬೆನ್ನು ಅವಳ ಕಡೆಗಿತ್ತು.

"ಅಪ್ಪಾ! ಕೈ ಬುಡು! ಕೈ ಬುಡು ಅದುನ್ನ!"

ಸಿದ್ದಗಂಗಯ್ಯ ತಿರುಗಿ ನೋಡಿದರು. ಮಗಳು ಬರಿಗಾಲಿನಲ್ಲಿ, ವೇಲು ಎಲ್ಲೋ ಬಿಸಾಕಿ, ಹುಚ್ಚು ಹಿಡಿದವಳಂತೆ ಬರುತ್ತಿದ್ದಳು. ಮನೆಯಲ್ಲಿ ಏನೋ ಆಗಬಾರದ್ದು ಆಗಿದೆ ಎಂದೇ ಅವರಿಗೆ ಅನ್ನಿಸಿತು. ವೈರು ಬಿಟ್ಟು, ಮೊಣಕಾಲಿನ ಮೇಲೆ ಕೈಯೂರಿ ಎದ್ದರು.

"ಏನವ್ವ? ಏನಾಯ್ತು? ಅಮ್ಮ?"

ಅವಳು ಅವರ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಅವರು ಪೈಪಿನ ಮೇಲೆ ಎಡವಿ ಬೀಳುವಂತಾಗಿ ಸಾವರಿಸಿಕೊಂಡರು.

"ಕರೆಂಟ್ ಬಂದೈತೆ," ಎಂದಳು. ಉಸಿರು ಸಾಲಲಿಲ್ಲ.

"ಬಂದ್ರೆ ಬರ್ಲಿ ಬುಡು. ಅಷ್ಟಕ್ಕೆ ಹಿಂಗ್ ಓಡ್ಬತ್ತಾರಾ?" ಭಯ ಇಳಿದದ್ದೇ ಅವರಿಗೆ ಕೋಪ ಬಂತು. "ನನ್ ಎದೆ ಒಡ್ಸಿಬುಟ್ಟೆಯಲ್ಲ! ಬಲ್ಬು ನಂಗೂ ಕಾಣ್ತದೆ. ಫ್ಯೂಸು ನನ್ ಹತ್ರ ಐತೆ ಕಣವ್ವ. ನೋಡಿಲ್ಲಿ."

ಜೇಬಿಗೆ ಕೈ ಹಾಕಿ ಫ್ಯೂಸನ್ನು ತೆಗೆದು ಅವಳ ಮುಖದ ಮುಂದೆ ಹಿಡಿದರು.

ಶೆಡ್ಡಿನಲ್ಲಿ ಟಕ್ ಎಂದಿತು.

ಬೋರಿನ ಒಳಗಿನಿಂದ ಗುಂಯ್ಯೆನ್ನುವ ಸದ್ದು ಮೇಲೆದ್ದಿತು. ಪೈಪು ಒಮ್ಮೆ ನಡುಗಿತು, ಗಾಳಿ ಕಾರಿತು, ಆಮೇಲೆ ತೊಟ್ಟಿಗೆ ನೀರು ದಬದಬ ಸುರಿಯತೊಡಗಿತು. ಟೇಪು ಬಿಚ್ಚಿದ ಜಾಯಿಂಟು ಕಲ್ಲಿನ ಮೇಲೆ ಸುಮ್ಮನೆ ಬಿದ್ದಿತ್ತು. ತಾಮ್ರ ಬಿಸಿಲಿಗೆ ಹೊಳೆಯುತ್ತಿತ್ತು.

ಸಿದ್ದಗಂಗಯ್ಯ ನೀರನ್ನು ನೋಡಿದರು. ಅಂಗೈಯಲ್ಲಿದ್ದ ಫ್ಯೂಸನ್ನು ನೋಡಿದರು.

"ಇದು ಇಲ್ಲೈತಲ್ಲ," ಅಂದರು.

ಕೋಮಲಾ ಅವರ ರಟ್ಟೆಯನ್ನು ಬಿಡಲಿಲ್ಲ.

"ಇದು ಇಲ್ಲೈತಲ್ಲ ಮಗಾ," ಎಂದು ಮತ್ತೆ ಅಂದರು. ಈ ಸಲ ದನಿ ಬೇರೆಯಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಶೆಡ್ಡಿಗೆ ನಡೆದು ಹೋಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಿಂದ ಕೆಳಕ್ಕೆ ಎಳೆದಳು. ನೀರು ನಿಂತಿತು. ಅಪ್ಪ ಹಿಂದೆಯೇ ಬಂದು ಉಳಿದ ಎರಡು ಫ್ಯೂಸುಗಳನ್ನೂ ಕಿತ್ತು ಜೇಬಿಗೆ ಹಾಕಿಕೊಂಡರು. ವಾಪಸ್ಸು ಬರುವಾಗ ರಾಗಿಯಲ್ಲಿ ಅವಳು ತುಳಿದ ದಾರಿ ಉದ್ದಕ್ಕೂ ಕಾಣುತ್ತಿತ್ತು. ಬೇರೆ ದಿನವಾಗಿದ್ದರೆ ಸಿದ್ದಗಂಗಯ್ಯ ಅದಕ್ಕೊಂದು ಮಾತು ಅಂದಿರುತ್ತಿದ್ದರು.

ಅಂಜನ್ ಹಿತ್ತಲ ಬಾಗಿಲಲ್ಲೇ ನಿಂತಿದ್ದ. ಇಬ್ಬರೂ ನಡೆದು ಬರುವುದನ್ನು ನೋಡಿ ಹೊಸ್ತಿಲ ಮೇಲೆ ಕೂತ. ಕೋಮಲಾ ಅವನನ್ನು ದಾಟಿ ಒಳಗೆ ಹೋದಳು. ತೆರೆಯ ಮೇಲೆ ಹೊಸದೊಂದು ಸಾಲು ಬಂದಿತ್ತು: 'ಮೊದಲ ಸ್ಟಾರ್ಟರ್: ಎರಡು ಫೇಸಿನಲ್ಲಿ ಮೋಟರ್ ಓಡಿತು. ಯಶಸ್ವಿ.' ಅದರ ಮುಂದೆ ಅವಳೇ ಆರಿಸಿದ ಅಂದದ ಹಸಿರು ಟಿಕ್. ಮಧ್ಯಾಹ್ನ ಉಳಿದವರಿಗೆ ಕಳುಹಿಸಲು ಯಂತ್ರ ತಯಾರಾಗಿ ಕೂತಿತ್ತು.

ಅವಳು ಅದನ್ನು ನಿಲ್ಲಿಸಿದಳು. ಅಪ್ಪನ ಸ್ಟಾರ್ಟರಿಗೆ ಹಳೆಯ ಆವೃತ್ತಿಯನ್ನೇ ವಾಪಸ್ಸು ಕಳಿಸಿದಳು. ದಾಟಿ ಹೋಗು ಎಂದು ಬರೆದಿದ್ದ ಸಾಲನ್ನು ಅಳಿಸಿದಳು. ಪರೀಕ್ಷೆ ಮತ್ತೆ ಮೊದಲಿಂದ ಶುರುವಾಯಿತು.

"ಯಾರಿಗಾದ್ರೂ ಹೋಯ್ತಾ ಅಕ್ಕ?" ಎಂದು ಅಂಜನ್ ಬಾಗಿಲಿಂದಲೇ ಕೇಳಿದ.

"ಇಲ್ಲ. ಬೇರೆ ಯಾರಿಗೂ ಹೋಗಿಲ್ಲ."

ರಂಗನಾಥ್ ಅಮೃತೂರಿನಿಂದ ಫೋನು ಮಾಡಿದಾಗ ಅವನ ಸುತ್ತ ಜನರ ಗದ್ದಲ ಕೇಳುತ್ತಿತ್ತು.

"ಮೇಡಂ, ಗ್ರೀನ್ ಬಂತು ಅಂತ ಅಂಜನ್ ಮೆಸೇಜ್ ಹಾಕಿದ್ದ, ಈಗ ನೋಡಿದ್ರೆ ನಿಲ್ಸಿದೀರಿ! ಏನ್ ತಮಾಷೆನಾ ಇದು? ಇಲ್ಲಿ ಜನಕ್ಕೆ ನಾನು ಏನಂತ ಹೇಳ್ಲಿ?"

"ರಂಗನಾಥ್ ಅವ್ರೆ, ಅಲ್ಲಿ ಜಾಯಿಂಟ್ ಕೆಲ್ಸ ಮಾಡೋವಾಗ ಜನ ಎಷ್ಟು ಫ್ಯೂಸ್ ಕೀಳ್ತಾರೆ?"

"ಇದೇನ್ ಪ್ರಶ್ನೆ ಮೇಡಂ? ಒಂದು. ಒಂದು ಕಿತ್ರೆ ನಮ್ ಸ್ಟಾರ್ಟರ್ ಎತ್ತಲ್ವಲ್ಲ. ನಾನೇ ಹೇಳ್ಕೊಟ್ಟಿರೋದು, ಎಲ್ಲಾ ತೋಟದಲ್ಲೂ..."

ಅಲ್ಲಿಗೆ ಅವನ ಮಾತು ನಿಂತಿತು. ಗದ್ದಲ ಮಾತ್ರ ಕೇಳುತ್ತಿತ್ತು. ಯಾರೋ ಹಿಂದಿನಿಂದ, ಯಾವಾಗ್ ಹಾಕ್ತೀರಣ್ಣ ಎಂದು ಕೂಗುತ್ತಿದ್ದರು.

"ನಾನೂ ಒಂದೇ ಕೀಳೋದು ಮೇಡಂ," ಎಂದ ರಂಗನಾಥ್ ಕಡೆಗೆ, ತೀರಾ ಮೆಲ್ಲಗೆ.

ಕೋಮಲಾ ಫೋನಿಟ್ಟಳು. ಹಲಗೆಯ ಮೇಲೆ ಬೋರ್ಡು ಟಕ್ ಟಕ್ ಎನ್ನುತ್ತಿತ್ತು. ಪ್ರತಿ ಟಕ್ಕಿಗೂ ಸಿದ್ದಗಂಗಯ್ಯನವರ ಕಣ್ಣು ಅತ್ತ ಹೋಗುತ್ತಿತ್ತು. ಕೊನೆಯಲ್ಲಿ ತೆರೆಯ ಮೇಲೆ ಕೆಂಪು ಇಂಟು ಬಿತ್ತು. ನರಸಿಂಹಮ್ಮನಿಗೆ ಕಂ‌ಪ್ಯೂಟರಿನ ಬೇರೆ ಏನೂ ತಿಳಿಯದಿದ್ದರೂ ಆ ಬಣ್ಣ ತಿಳಿಯುತ್ತಿತ್ತು.

"ಮತ್ತೆ ಕೆಂಪಾಯ್ತಲ್ಲೇ. ನಾನು ಪ್ಲಗ್ ಮುಟ್ಟಿಲ್ಲ ಕಣೇ."

"ಇರ್ಲಿ ಬುಡಮ್ಮ," ಅಂದಳು ಕೋಮಲಾ.

ಸಿದ್ದಗಂಗಯ್ಯ ಜೇಬಿನಿಂದ ಫ್ಯೂಸುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು, ಮೂರು. ಆಮೇಲೆ ಅಂಗಿಯನ್ನೇ ಬಿಚ್ಚಿ ಗೂಟಕ್ಕೆ ಹಾಕಲು ಹೋದರು. ನರಸಿಂಹಮ್ಮ ಅದನ್ನು ಅವರ ಕೈಯಿಂದ ಇಸಿದುಕೊಂಡರು. ಹಳೆಯ ಪಂಚೆಯ ಅಂಚಿನಿಂದ ಅಂಗೈಯಗಲದ ಬಟ್ಟೆ ಹರಿದು, ಮೇಜಿನ ಮೇಲಿದ್ದ ಮೂರೂ ಫ್ಯೂಸುಗಳನ್ನು ಅದರ ಮೇಲೆ ಪಕ್ಕಪಕ್ಕ ಇಟ್ಟು ಅಳತೆ ನೋಡಿದರು. ಆಮೇಲೆ ಕಿಟಕಿಯ ಬೆಳಕಿಗೆ ತಿರುಗಿ ಕೂತು, ಜೇಬಿನ ಒಳಗೆ ಆ ಬಟ್ಟೆಯನ್ನು ಕೊಟ್ಟು, ಒತ್ತೊತ್ತಾಗಿ ಎರಡು ಸುತ್ತು ಹೊಲಿಗೆ ಹಾಕತೊಡಗಿದರು.